ಹುಲಿಗೇಶನಿಗೆ ಎರಡು ಬೆರಳು

ಗುರುವಾರ ಸಂಜೆ ಆರೂವರೆಗೆ ಬೆಟಗೇರಿ ಹಾಕಿ ತಂಡದ ತರಬೇತುದಾರ ಪರಶುರಾಮ, ಮಾಲೀಕ ಕುಬೇರಪ್ಪನ ಎಣ್ಣೆ ಗಿರಣಿಯಲ್ಲಿ ಕುಳಿತು ಹುಲಿಗೇಶನನ್ನು ತಮ್ಮ ತಂಡಕ್ಕೆ ಕೊಡುವಂತೆ ಕೇಳಿದ. ಹುಲಿಗೇಶ ಲಕ್ಷ್ಮೇಶ್ವರ ತಂಡದ ಫಾರ್ವರ್ಡ್. ಚೆಂಡಿಗಿಂತ ಮೊದಲು ಅವನ ಭುಜ ಬರುತ್ತದೆ. ಅವನು ಗೋಲಿನ ಮುಂದೆ ಬಂದು ನಿಂತರೆ, ಬಸ್ಸಿನಲ್ಲಿ ಹಿರಿಯರಿಗೆ ಎದ್ದು ಕೊಟ್ಟಂತೆ ಎದುರಾಳಿಗಳು ಜಾಗ ಬಿಡುತ್ತಾರೆ.

ಭಾನುವಾರ ಶಿರಹಟ್ಟಿಯ ಎದುರು ಸೆಮಿಫೈನಲ್. ‘ಫೈನಲ್ ಮುಟ್ಟಲಿಲ್ಲಂದ್ರ ನಿಮ್ಮ ದಾರಿ ನೀವು ನೋಡ್ಕೋರಿ’ ಎಂದು ಕುಬೇರಪ್ಪ ಮೊದಲೇ ಹೇಳಿದ್ದ. ಪರಶುರಾಮನಿಗೆ ಈ ಕೆಲಸ ಬಿಟ್ಟರೆ ಬೇರೆ ಕೆಲಸವಿರಲಿಲ್ಲ.

ಲಕ್ಷ್ಮೇಶ್ವರದ ಮಾಲೀಕ ಅಂದಾನಪ್ಪ ದನದ ಸಂತೆಯ ದಲ್ಲಾಳಿ. ಹೆಗಲ ಮೇಲೆ ಟವೆಲ್ ಹಾಕಿಕೊಂಡೇ ಬಂದಿದ್ದ.

‘ನಮ್ಮ ಆಸೀಮನ್ನ ಕೊಡ್ತೀವ್ರಿ, ಹುಲಿಗೇಶನ್ನ ಕೊಡ್ರಿ’ ಎಂದ ಪರಶುರಾಮ.

‘ಕೊಡಾಕ ನಾ ತಯಾರ. ನಿಮ್ಮ ಚೀಲದಾಗ ಜಾಗ ಐತೇನು?’

ಜಾಗ ಇರಲಿಲ್ಲ. ಟೂರ್ನಿಯ ನಿಯಮದಂತೆ ಒಂದು ತಂಡ ಆಟಗಾರರಿಗೆ ಒಟ್ಟು ಮೂರು ಲಕ್ಷ ಮೀರಿ ಕೊಡುವಂತಿಲ್ಲ, ಬೆಟಗೇರಿಯದು ತುಂಬಿತ್ತು. ಹುಲಿಗೇಶನ ಬೆಲೆ ಅರವತ್ತು ಸಾವಿರ, ಆಸೀಮನದು ಇಪ್ಪತ್ತು. ಅಪ್ಪುವಿನದೂ ಅರವತ್ತು. ಅಪ್ಪು ಕುಬೇರಪ್ಪನ ಮಗ. ಹರಾಜಿನಲ್ಲಿ ಅವನನ್ನು ಐದು ಸಾವಿರಕ್ಕೆ ಕೂಗಿದ್ದು ಅಪ್ಪನೊಬ್ಬನೇ. ಮಗನಿಗೆ ಕನ್ಯೆ ನೋಡುವ ಹೊತ್ತಿನಲ್ಲಿ ಐದು ಸಾವಿರಕ್ಕೆ ಹೋದರೆ ಬೀಗರು ಏನೆಂದಾರು? ಕುಬೇರಪ್ಪ ತನ್ನ ಕೂಗಿನ ಮೇಲೆ ತಾನೇ ಕೂಗಿದ, ಮತ್ತೆ ಕೂಗಿದ. ಅರವತ್ತು ಸಾವಿರಕ್ಕೆ ಸಭೆ ಚಪ್ಪಾಳೆ ತಟ್ಟಿತು. ಅಪ್ಪು ಈವರೆಗೆ ಆಡಿದ್ದು ಒಟ್ಟು ಒಂಬತ್ತು ನಿಮಿಷ.

‘ಹಂಗಾದ್ರ ಅಪ್ಪುನ್ನ ತಗೋರಿ. ಅರವತ್ತಕ್ಕ ಅರವತ್ತು, ಬರೋಬ್ಬರಿ’ ಎಂದ ಪರಶುರಾಮ.

ಅಂದಾನಪ್ಪ ನಕ್ಕ. ‘ಹೂಡೋ ಎತ್ತು ಕೊಟ್ಟು ಗ್ವಾಡಿ ಮ್ಯಾಲಿನ ಚಿತ್ರದ ಎತ್ತು ಹೊಡ್ಕೊಂಡು ಹೋಗ್ಲೇನ್ರಿ ಸರ? ಕುಬೇರಣ್ಣ, ಸಿಟ್ಟಿಗೇಳಬ್ಯಾಡಪಾ.’

ಕುಬೇರಪ್ಪ ಸಿಟ್ಟಿಗೆದ್ದಿದ್ದ. ಅದನ್ನು ಇಳಿಸಲು ಪರಶುರಾಮ ನಿಯಮ ಹೇಳಿದ. ತರಬೇತುದಾರರ ಸಂಬಳ ಆ ಮಿತಿಗೆ ಸೇರುವುದಿಲ್ಲ. ಆಟಗಾರನೊಬ್ಬ ಆಟ ಬಿಟ್ಟು ತರಬೇತಿಗೆ ಬಂದರೆ ಅವನ ಬೆಲೆ ಲೆಕ್ಕದಿಂದ ಹೊರಗೆ ಬೀಳುತ್ತದೆ.

‘ಅಪ್ಪುನ್ನ ನನ್ನ ಕೈ ಕೆಳಗ ಸಹಾಯಕ ಅಂತ ಮಾಡೋಣ್ರಿ ಸಾವ್ಕಾರ್ರ. ಅರವತ್ತು ಸಾವಿರ ಖಾಲಿ ಆಕ್ಕತಿ.’

ತನ್ನ ಜಾಣತನಕ್ಕೆ ಅವನಿಗೇ ಖುಷಿಯಾಯಿತು. ಕುಬೇರಪ್ಪ ಗಲ್ಲ ಕೆರೆದುಕೊಂಡ. ‘ಕೈ ಕೆಳಗ’ ಎಂದು ಒಮ್ಮೆ ಮೆಲ್ಲಗೆ ಹೇಳಿಕೊಂಡ. ಆಮೇಲೆ ಅಂದಾನಪ್ಪನತ್ತ ಕೈ ಚಾಚಿದ.

ಅಂದಾನಪ್ಪ ಟವೆಲ್ ಬಿಚ್ಚಿ ಎರಡೂ ಕೈಗಳ ಮೇಲೆ ಹೊದಿಸಿದ. ಸಂತೆಯಲ್ಲಿ ಎತ್ತಿನ ಬೆಲೆ ಕಟ್ಟುವುದು ಹೀಗೆಯೇ: ಬಾಯಿ ಮುಚ್ಚಿರುತ್ತದೆ, ಬಟ್ಟೆಯ ಕೆಳಗೆ ಬೆರಳು ಹಿಡಿದು ಮಾತಾಡುತ್ತಾರೆ. ಹಾಕಿ ಆಟಗಾರನಿಗೂ ಇವರಿಗೆ ಬೇರೆ ಪದ್ಧತಿ ಗೊತ್ತಿರಲಿಲ್ಲ. ಟವೆಲ್ ಸ್ವಲ್ಪ ಹೊತ್ತು ಅಲುಗಾಡಿತು. ಅಂದಾನಪ್ಪ ಒಮ್ಮೆ ಪರಶುರಾಮನನ್ನು ಅಡಿಯಿಂದ ಮುಡಿಯವರೆಗೆ ನೋಡಿದ.

‘ಆತು’ ಎಂದ ಕುಬೇರಪ್ಪ. ‘ಎರಡ ಬೆರಳು ಹಿಡದಾನ. ಇಬ್ಬರನ್ನ ಕೊಡಬೇಕಂತ.’

‘ಆಸೀಮ ಒಬ್ಬಾಂವ. ಇನ್ನೊಬ್ಬಾಂವ ಯಾರ್ರಿ? ಮಲ್ಲು ಏನು?’

‘ಮಲ್ಲು ಯಾಕ? ಅಂವ ಗೋಲ್ಕೀಪರ್, ಬೇಕಾಗ್ತಾನ.’ ಕುಬೇರಪ್ಪ ಟವೆಲ್ ಮಡಚಿ ಅಂದಾನಪ್ಪನ ಹೆಗಲಿಗೆ ಹಾಕಿದ. ‘ನೋಡ್ರಿ ಸರ, ನನ್ನ ಮಗ ಮಂದಿ ಕೈ ಕೆಳಗ ಇರಾಂವ ಅಲ್ಲ. ಒಂದ ಟೀಮಿಗೆ ಇಬ್ಬರು ಕೋಚ್ ಯಾಕಬೇಕು? ನೀವ ಹೇಳಿದ್ರೆಲಾ, ಕೋಚ್ ಅಂದ್ರ ಲೆಕ್ಕಕ್ಕ ಬರಂಗಿಲ್ಲ ಅಂತ.’

‘ನಡೀರಿ ಸರ’ ಎಂದ ಅಂದಾನಪ್ಪ. ‘ಲಕ್ಷ್ಮೇಶ್ವರಕ್ಕ ಕಡೀ ಬಸ್ಸು ಹೋಗ್ತೈತಿ.’

ಭಾನುವಾರ ಹುಲಿಗೇಶ ಬೆಟಗೇರಿಗೆ ಮೊದಲ ಗೋಲು ಹೊಡೆದ. ನಂತರ ಶಿರಹಟ್ಟಿಯ ಡಿಫೆಂಡರನ್ನು ಕೆಡವಿ ಹಳದಿ ಕಾರ್ಡ್ ಪಡೆದು ಹೊರಗೆ ಕುಳಿತ. ಐದು ನಿಮಿಷದ ಶಿಕ್ಷೆ ಮುಗಿದರೂ ಹೊಸ ತರಬೇತುದಾರ ಅಪ್ಪು ಅವನನ್ನು ಒಳಗೆ ಕಳಿಸಲಿಲ್ಲ; ಕನ್ಯೆಯ ಕಡೆಯವರ ಜೊತೆ ಫೋಟೊ ತೆಗೆಸಿಕೊಳ್ಳುತ್ತಿದ್ದ. ಶಿರಹಟ್ಟಿ 2–1ರಿಂದ ಗೆದ್ದಿತು. ಇನ್ನೊಂದು ಸೆಮಿಫೈನಲಿನಲ್ಲಿ ಪರಶುರಾಮನ ಲಕ್ಷ್ಮೇಶ್ವರ, ಆಸೀಮ ಹೊಡೆದ ಒಂದೇ ಗೋಲಿನಿಂದ ಮುಂಡರಗಿಯನ್ನು ಸೋಲಿಸಿ ಫೈನಲಿಗೆ ಹೋಯಿತು.