ತೆಂಗಿನಕಾಯಿಯ ನೆಪ

“ಹೆಬ್ಬೆರಳನ್ನು ಒಳಗಿಟ್ಟು ಮುಷ್ಟಿ ಹಿಡಿಯಿರಿ,” ಎಂದು ಡಾಕ್ಟರು ಮರಾಠಿಯಲ್ಲಿ ಹೇಳಿದರು. ಪುಷ್ಪಾವತಿ ಹಿಡಿದರು. ಆ ಮುಷ್ಟಿಯನ್ನು ಡಾಕ್ಟರು ಕಿರುಬೆರಳಿನ ಕಡೆಗೆ ತುಸು ಬಾಗಿಸಿದ್ದೇ ತಡ, ಹೆಬ್ಬೆರಳಿನ ಬುಡದಲ್ಲಿ ಜೀವ ಹೋದಂತಾಯಿತು. ಆದರೂ ತುಟಿ ಪಿಟಕ್ಕೆನ್ನಲಿಲ್ಲ. ಪಕ್ಕದಲ್ಲೇ ನಿಶಾ ನಿಂತಿದ್ದಳು.

ಡೊಂಬಿವಲಿಯ ಅವರ ಕಟ್ಟಡದಲ್ಲಿ ನಿಶಾಳದು ಎದುರು ಮನೆ. ಅವಳು ತುರ್ಭೆಯ ಆಫೀಸಿಗೆ ಹೊರಟರೆ ಸಂಜೆಯವರೆಗೆ ಅವಳ ಮಗು ಅಮೂಲ್ಯಾ ಪುಷ್ಪಾವತಿಯ ಮಡಿಲಲ್ಲಿ. ಮದುವೆಯಾದಂದಿನಿಂದ ಖಾಲಿಯೇ ಉಳಿದಿದ್ದ ಮಡಿಲು. ಆ ತೂಕಕ್ಕಾಗಿ ಎಷ್ಟು ಹಂಬಲಿಸಿದ್ದರೆಂದರೆ, ಮಗು ನಿದ್ದೆ ಹೋದರೂ ಕೆಳಗಿಡುತ್ತಿರಲಿಲ್ಲ. ಮಣಿಕಟ್ಟು ನೋಯತೊಡಗಿದಾಗ, “ಕಾಯಿ ತುರಿದು ತುರಿದು ಹೀಗಾದ್ದು ಮಾರಾಯ್ತಿ,” ಎಂದು ಸಾಗಹಾಕಿದ್ದರು. ಉಡುಪಿಯವರ ಅಡುಗೆಮನೆಯಲ್ಲವೇ, ಎಲ್ಲರೂ ನಂಬಿದ್ದರು. ನಿಜ ತಿಳಿದರೆ ಮಗು ದುಡಿಯುವವರ ಮಕ್ಕಳನ್ನು ನೋಡಿಕೊಳ್ಳುವ ಸ್ಟೇಷನ್ ಹತ್ತಿರದ ಪಾಳಣಾಘರದಲ್ಲಿ, ಯಾರೋ ಆಯಾಳ ಕೈಯಲ್ಲಿ ಬೆಳೆಯುತ್ತದೆ.

ಡಾಕ್ಟರು ತಣ್ಣನೆಯ ಜೆಲ್ ಬಳಿದು, ಸೋನೋಗ್ರಫಿಯ ಹಿಡಿಯನ್ನು ಮಣಿಕಟ್ಟಿನ ಮೇಲೆ ಮೆಲ್ಲಗೆ ಆಡಿಸಿದರು. ಪರದೆಯ ಮೇಲೆ ಬೂದು ಗೆರೆಗಳು ಮೂಡಿದವು.

“ಮೂಳೆ, ಕೀಲು ಚೆನ್ನಾಗಿವೆ. ಹೆಬ್ಬೆರಳನ್ನು ಎಳೆಯುವ ಹುರಿಗಳ ಸುತ್ತಲಿನ ಕವಚ ಊದಿಕೊಂಡಿದೆ. ಮಕ್ಕಳನ್ನು ಎತ್ತಿ ಆಡಿಸುವವರಿಗೆ ಇದು ಬರುವುದು ಜಾಸ್ತಿ. ಮನೆಯಲ್ಲಿ ಸಣ್ಣ ಮಗು ಇದೆಯೇ?”

“ಇಲ್ಲ,” ಎಂದರು ಪುಷ್ಪಾವತಿ.

ಸುಳ್ಳೇನಲ್ಲ. ಇಷ್ಟು ವರ್ಷ ನೆಂಟರಿಷ್ಟರಿಗೆಲ್ಲ ಹೇಳಿ ರೂಢಿಯಾಗಿದ್ದ ಮಾತೇ.

ನಿಶಾ ಪರದೆಯನ್ನು ಬಿಟ್ಟು ಅವರ ಮುಖ ನೋಡಿದಳು. “ಇದೆ ಡಾಕ್ಟರ್. ನನ್ನ ಮಗಳು. ದಿನವಿಡೀ ಇವರ ಕೈಯಲ್ಲೇ ಇರುತ್ತಾಳೆ.”

ಮಣಿಕಟ್ಟಿಗೆ ಪಟ್ಟಿ ಬಿತ್ತು. ಒಂದು ತಿಂಗಳು ಎತ್ತುವಂತಿಲ್ಲ.

ರಿಕ್ಷಾದಲ್ಲಿ ನಿಶಾ ಕೇಳಿದಳು, “ಛುಪಾಯಾ ಕ್ಯೂಂ, ಆಂಟಿ? ಹೀಗೆ ಮುಚ್ಚಿಡೋ ಬದಲು ನಂಗೆ ಒಂದು ಮಾತು ಹೇಳ್ಬಾರ್ದಿತ್ತಾ?”

“ನೀನು ಮಗುವನ್ನು ಕೊಂಡೋಗ್ತಿ ಅಂತ ಹೆದರಿಕೆ, ಮಗಾ.”

“ಒಂದೇ ಮಹೀನಾ ಪಾಳಣಾಘರ. ನಿಮ್ಮ ಕೈ ಹೀಗಿರುವಾಗ ನಾನು ಹ್ಯಾಗೆ ಬಿಡ್ಲಿ?”

“ತಿಂಗಳಲ್ಲಿ ಅವಳು ನಡೀಲಿಕ್ಕೆ ಕಲೀತಾಳೆ. ಆಮೇಲೆ ಎತ್ತಿಕೋ ಅಂತ ಯಾರನ್ನು ಕೇಳ್ತಾಳೆ?”

ರಿಕ್ಷಾ ಅವರ ಕಟ್ಟಡದ ಮುಂದೆ ನಿಂತಿತು.

ಬಾಗಿಲು ತೆರೆದದ್ದು ನಿಶಾಳ ಗಂಡ ಮನೀಶ. ಅವನ ಕಾಲ ಸಂದಿಯಿಂದ ಅಂಬೆಗಾಲಿಟ್ಟು ಬಂದ ಅಮೂಲ್ಯಾ, ಪುಷ್ಪಾವತಿಯನ್ನು ಕಂಡು ಎರಡೂ ತೋಳು ಮೇಲೆತ್ತಿದಳು. ಅವರ ಕೈಗಳೂ ತಾವಾಗಿಯೇ ಮುಂದೆ ಚಾಚಿ, ಅರ್ಧಕ್ಕೇ ನಿಂತವು.

ಪುಷ್ಪಾವತಿ ಗೋಡೆಗೊರಗಿ ನೆಲದ ಮೇಲೆ ಕುಳಿತರು. ದಿನವೂ ಮಗುವಿಗೆ ಎಣ್ಣೆ ಹಚ್ಚಿ ಮೀಯಿಸುವಾಗಿನಂತೆ ಕಾಲು ನೀಡಿದರು. ಅಂಗೈಗಳನ್ನು ನೆಲಕ್ಕೆ ಒತ್ತಿ ಹಿಡಿದರು.

ಅಮೂಲ್ಯಾ ತೋಳೆತ್ತಿಕೊಂಡೇ ಒಂದಿಷ್ಟು ಹೊತ್ತು ಕಾದಳು. ಆಮೇಲೆ ಅವರ ಸೀರೆಯನ್ನು ಮುಷ್ಟಿಯಲ್ಲಿ ಹಿಡಿದು, ಒಂದು ಮೊಣಕಾಲನ್ನು ಅವರ ತೊಡೆಯ ಮೇಲೆ ಊರಿದಳು.