ಎಡಗೈಯ ಪಾಲು

ಮಾತೇ ಇಲ್ಲದ ಸಂಗೀತವು ಮನುಷ್ಯರೆಲ್ಲ ಸಮಾನರೆಂದು ಹೇಳಬಲ್ಲುದೇ? ಶಿಡ್ಲಘಟ್ಟದ ಶಾಲೆಯೊಂದರಲ್ಲಿ ಸಂಗೀತ ಕಲಿಸುವ ತನುಜಳನ್ನು ಈ ಪ್ರಶ್ನೆ ಮಳೆಗಾಲದಿಂದಲೂ ಕಾಡುತ್ತಿತ್ತು. ಸಂವಿಧಾನ ದಿನದಂದು ಶಾಲೆಯ ಪಿಯಾನೊದಲ್ಲಿ ನುಡಿಸಲೆಂದು ತಾನೇ ರಚಿಸಿದ ಕೃತಿಗೆ ಅವಳು ‘ಸಮತೆ’ ಎಂದು ಹೆಸರಿಟ್ಟಿದ್ದಳು. ಅಂಥ ಹೆಸರನ್ನು ಹೊತ್ತ ಮೇಲೆ ಸ್ವರ ಸುಳ್ಳಾಡಬಾರದು. ವೇದಿಕೆಯಲ್ಲಿ ಸಮಾನತೆಯ ಭಾಷಣ ಬಿಗಿದು, ಮನೆಗೆ ಹೋಗಿ ಕೆಲಸದವಳಿಗೆ ಬೇರೆ ಲೋಟ ಇಡುವವರನ್ನು ಕಂಡರೆ ಅವಳ ಮೈ ಉರಿಯುತ್ತಿತ್ತು.

ಸಮಾರಂಭದ ಹಿಂದಿನ ಸಂಜೆ, ಜಂಗಮಕೋಟೆಯ ತನ್ನ ಮನೆಯಲ್ಲಿ ಕೀಬೋರ್ಡ್ ಮುಂದೆ ಕುಳಿತು ಆ ಕೃತಿಯನ್ನು ನುಡಿಸಿದಳು. ಪರರ ತೋಟಗಳಲ್ಲಿ ಹಿಪ್ಪುನೇರಳೆ ಸೊಪ್ಪು ಕೊಯ್ದೇ ಬಾಳು ಸವೆಸಿದ ಅಜ್ಜಿ ಮುನಿಶಾಮಮ್ಮ ಪಕ್ಕದಲ್ಲಿ ಕುಳಿತು, ಕಿವಿಗಿಂತ ಹೆಚ್ಚಾಗಿ ಕಣ್ಣಿನಿಂದಲೇ ಕೇಳಿದಳು.

“ಚೆನ್ನಾಗೈತೆ ಕಣಮ್ಮ. ಆದ್ರೆ ಹಾಡೆಲ್ಲ ಬಲಗೈದೇ. ಎಡಗೈ ಪಾಪ, ಇದ್ದ ಜಾಗದಲ್ಲೇ ದಬದಬ ಕುಟ್ತಾ ಐತಲ್ಲೇ?”

“ಅದು ಆಧಾರ ಕಣಜ್ಜಿ. ಅದಿಲ್ದಿದ್ರೆ ಹಾಡು ನಿಲ್ಲಲ್ಲ.”

“ನಮ್ಗೂ ಹಂಗೇ ಹೇಳೋರು ಬಿಡು, ನೀವಿಲ್ದಿದ್ರೆ ತೋಟ ನಿಲ್ಲಲ್ಲ ಅಂತ. ಕಾಫಿ ಮಾತ್ರ ಬಾಗಿಲಾಚೆಗೇ.” ಅಜ್ಜಿ ನಕ್ಕಳು. “ಅದಕ್ಕೆ ಹಾಡಾಕೆ ಬರಾಕಿಲ್ವೋ, ನೀನೇ ಕೊಟ್ಟಿಲ್ವೋ?”

ತನುಜಳ ಬೆರಳುಗಳು ನಿಂತವು. ಊರವರ ಮೇಲೆ ಸಿಡುಕುತ್ತಿದ್ದ ತಾನೇ, ಸಮತೆಯ ಹೆಸರಿನಲ್ಲಿ ಒಂದು ಕೈಯನ್ನು ಆಳಾಗಿಸಿ ಕೂರಿಸಿದ್ದಳು! ಹಾಗಾದರೆ ಎಡಗೈ ಹಾಡಿದರೆ ಹೇಗಿದ್ದೀತು? ಬಲಗೈಯನ್ನು ಮಡಿಲಲ್ಲಿಟ್ಟು ರಾಗವನ್ನು ಎಡಗೈಗೆ ಒಪ್ಪಿಸಿದಳು. ಅದು ತಡವರಿಸಿತು, ಮತ್ತೆ ಹೊರಟಿತು. ತಗ್ಗಿನ ಸ್ವರಗಳಲ್ಲಿ ಅದೇ ರಾಗ ಬೇರೆ ಯಾರದೋ ದನಿಯಂತೆ ಕೇಳಿಸಿತು.

“ಇದ್ಯಾರೇ ಹೊಸಬ್ರು?” ಅಜ್ಜಿ ಮುಂದಕ್ಕೆ ಬಾಗಿದಳು.

“ನಾಳೆ ಎಲ್ಲರ ಮುಂದೆ ತಪ್ಪಿದ್ರೆ ಅಜ್ಜಿ?”

“ತಪ್ಪಲಿ ಬಿಡೇ. ಬಲಗೈ ಹುಟ್ತಾನೇ ಕಲ್ತು ಬಂದಿತ್ತಾ?”

ಮಾರನೆಯ ದಿನ ತುಂಬಿದ ಸಭೆಯಲ್ಲಿ, ಕೃತಿಯ ನಡುವೆ ಒಂಟಿಯಾಗಿ ಹಾಡಹೊರಟ ಎಡಗೈ ಎಡವಿಯೇಬಿಟ್ಟಿತು. ಮಕ್ಕಳು ಕಿಸಕ್ಕೆಂದರು. ಬಲಗೈ ನೆರವಿಗೆಂದು ಮೇಲೆದ್ದಿತು. ತನುಜ ಅದನ್ನು ಮಡಿಲಿಗೇ ಮರಳಿಸಿದಳು. ಎಡಗೈ ತಾನೇ ದಾರಿ ಹುಡುಕಿಕೊಂಡು ರಾಗವನ್ನು ದಡ ಮುಟ್ಟಿಸಿದ ಮೇಲೆಯೇ ಎರಡೂ ಕೂಡಿ ನುಡಿದವು.

ಚಪ್ಪಾಳೆ ಅಡಗಿದ ಬಳಿಕ ಶಾಲೆಯ ಕಾರ್ಯದರ್ಶಿ ನರಸಿಂಹಮೂರ್ತಿ ಹತ್ತಿರ ಬಂದರು.

“ಏನಮ್ಮ, ಮಧ್ಯದಲ್ಲಿ ಬಲಗೈ ಸುಮ್ನೆ ಕೂತ್ಬಿಡ್ತಲ್ಲ, ಮರ್ತೋಯ್ತಾ?”

“ಇಲ್ಲ ಸಾರ್,” ಎಂದಳು ತನುಜ. “ಕೇಳಿಸ್ಕೊಳ್ತಿತ್ತು.”