ಲೋಸಾಳಿಗೆ ಬುದ್ಧಿ ಬಂದ ದಿನ

ನನ್ನ ಮಗಳನ್ನು ಯಾರು ಕರೆದೊಯ್ಯಬೇಕೆಂಬುದು ಅವಳು ಹುಟ್ಟಿದ ಮೂರನೆಯ ದಿನವೇ ತೀರ್ಮಾನವಾಯಿತು. ನನ್ನನ್ನು ಯಾರೂ ಕೇಳಲಿಲ್ಲ. ನಮ್ಮ ಟೊಂಗಾದಲ್ಲಿ ಹೆತ್ತವಳನ್ನು ಕೇಳುವ ಪದ್ಧತಿ ಇಲ್ಲ. ಮಗುವಿನ ಮೇಲೆ ಮೊದಲ ಮಾತು ಸೋದರತ್ತೆಯದು.

ಗಂಡನ ಅಕ್ಕ ವಾಸಿತಿ ಪಟ್ಟಣದಿಂದ ಹಡಗಿನಲ್ಲಿ ಬಂದಳು. ಮಗುವನ್ನು ಮಡಿಲಿಗೆ ಹಾಕಿಕೊಂಡು ಲೋಸಾ ಎಂದು ಹೆಸರಿಟ್ಟಳು. ಆಮೇಲೆ, ಊಟಕ್ಕೆ ಇನ್ನೊಂದು ತುಂಡು ಮೀನು ಕೇಳುವಷ್ಟು ಹಗುರವಾಗಿ, "ಫೆಲೆತಿ, ಇವಳು ನನಗಿರ್ಲಿ. ಬುದ್ಧಿ ಬಂದು ಪೊತೊ ಆಗೋ ತನಕ ನಿಮ್ಮಲ್ಲೇ ಬೆಳೀಲಿ. ಆದ್ಮೇಲೆ ಬಂದು ಕರ್ಕೊಂಡು ಹೋಗ್ತೀನಿ" ಎಂದಳು. ನನ್ನ ಗಂಡ ಬಾಗಿಲ ಬಳಿ ತಲೆ ತಗ್ಗಿಸಿ ಕೂತಿದ್ದ. "ಆಗ್ಲಿ ಅಕ್ಕ" ಎಂದ. ಅಕ್ಕನ ಮುಂದೆ ಇಲ್ಲ ಎನ್ನುವ ನಾಲಿಗೆ ನಮ್ಮ ಗಂಡಸರಿಗೆ ದೇವರು ಕೊಟ್ಟಿಲ್ಲ. ಹಂದಿ ಬೇಟೆಯಲ್ಲಿ ಶೂರ, ಅಕ್ಕ ಬಂದರೆ ಒದ್ದೆ ಕೋಳಿ.

ವಾಸಿತಿ ಕೆಟ್ಟವಳಲ್ಲ. ಕೆಟ್ಟವಳಾಗಿದ್ದರೆ ನನಗೆ ಬೈಯಲು ಸುಲಭವಾಗುತ್ತಿತ್ತು. ಅವಳಿಗೆ ಮಕ್ಕಳಿಲ್ಲ, ಒಳ್ಳೆಯ ಮನೆಯಿದೆ, ಕೈ ಧಾರಾಳ. "ನಿನಗಾಗ್ಲೇ ಇಬ್ರು ಗಂಡು ಮಕ್ಕಳಿದಾರೆ, ಅವಳಿಗೆ ಒಂದೂ ಇಲ್ಲ. ಪುಣ್ಯ ಮಾಡಿದೀಯ ಕಣೇ ಅಕೋಸಿತಾ" ಎಂದು ಊರ ಹೆಂಗಸರು ನನಗೇ ಸಮಾಧಾನ ಹೇಳಿದರು. ಆ ಪುಣ್ಯ ಅವರ ಮನೆಗೇ ಹೋಗಲಿ ಎಂದು ಮನಸ್ಸಿನಲ್ಲೇ ಅಂದುಕೊಂಡೆ.

ನಮ್ಮಲ್ಲಿ ಕೂಸು ಹುಟ್ಟುವಾಗ ವಲೆ. ಎಂದರೆ ಏನೂ ತಿಳಿಯದ್ದು, ಬೈದು ಫಲವಿಲ್ಲದ್ದು. ತಿಳಿವಳಿಕೆ ಬಂದರೆ ಪೊತೊ. ಹಲ್ಲು ಬಂದರೆ ಪೊತೊ ಅಲ್ಲ, ಓಡಾಡಿದರೂ ಅಲ್ಲ. ಅಪ್ಪನ ತಲೆ ಮುಟ್ಟಬಾರದು, ಹಿರಿಯರು ಕೂತ ಕಡೆ ಹಾಯುವಾಗ ಬಾಗಿ "ತುಲೋ", ಅಂದರೆ ಕ್ಷಮಿಸಿ, ಎನ್ನಬೇಕು, ಇವು ಯಾರೂ ಹೇಳದೆ ತಾನಾಗಿ ಹೊಳೆದ ದಿನ ಮಗು ಪೊತೊ. ಬೇರೆ ತಾಯಂದಿರು ಆ ದಿನಕ್ಕೆ ಕಾಯುತ್ತಾರೆ. ನಾನು ಹೆದರಿದೆ.

ಹೆದರಿಕೆಗೆ ತಕ್ಕ ಮಗಳೇ ಹುಟ್ಟಿದ್ದಳು. ಅವಳ ಅಣ್ಣಂದಿರು ಒಂದೂವರೆ ವರ್ಷಕ್ಕೆ ಮಣ್ಣು ತಿನ್ನುತ್ತಿದ್ದರು. ಇವಳು ನಾನು ಚಾಪೆ ಹೆಣೆಯುವಾಗ ಪಕ್ಕದಲ್ಲಿ ಕುಕ್ಕರಿಸಿ, ಕೇದಗೆ ಗರಿಯ ಪಟ್ಟಿಗಳನ್ನು ಅಗಲದ್ದು ಒಂದು ಕಡೆ, ಸಣ್ಣದ್ದು ಒಂದು ಕಡೆ ಮಾಡುತ್ತಿದ್ದಳು. ಹರಿದದ್ದನ್ನು ನನ್ನ ಮೂಗಿನ ಹತ್ತಿರ ಹಿಡಿದು, "ಥೂ" ಎನ್ನುತ್ತಿದ್ದಳು. ಬಿದ್ದರೆ ತಕ್ಷಣ ಅಳುತ್ತಿರಲಿಲ್ಲ. ಯಾರಾದರೂ ನೋಡಿದರಾ ಎಂದು ಸುತ್ತ ನೋಡಿ, ನೋಡಿದ್ದರೆ ಮಾತ್ರ ಅಳುತ್ತಿದ್ದಳು. ಅಪ್ಪನ ಒಂದೇ ಚಪ್ಪಲಿ ಬಚ್ಚಿಟ್ಟು, ಅವನು ಹುಡುಕುವಾಗ ತಾನೂ ಹುಡುಕುತ್ತಿದ್ದಳು. ನಕ್ಕು ನಕ್ಕು ಸಾಕಾಗುತ್ತಿತ್ತು, ಮರುಗಳಿಗೆಯೇ ವಾಸಿತಿ ನೆನಪಾಗುತ್ತಿದ್ದಳು.

ಫೋನಿನಲ್ಲಿ ವಾಸಿತಿ ಕೇಳುವಳು, "ಏನ್ ಮಾಡ್ತಾಳೆ ನನ್ನ ಮಗಳು?"

"ಏನು ಮಾಡ್ತಾಳೆ ಅತ್ತಿಗೆ, ಇನ್ನೂ ಬರೀ ವಲೆ. ಜೊಲ್ಲು ಸುರಿಸ್ಕೊಂಡು ಕೂತಿರ್ತಾಳೆ" ಎನ್ನುತ್ತಿದ್ದೆ. ಎದುರಿಗೇ ಲೋಸಾ ನನ್ನ ಸೊಂಟದ ಪಟ್ಟಿ ಸುತ್ತಿಕೊಂಡು, ಚರ್ಚಿನ ಪಾದ್ರಿಯ ಹಾಗೆ ಕೈಯೆತ್ತಿ ಪ್ರಾರ್ಥನೆ ಮಾಡುತ್ತಿದ್ದಳು.

ಒಂದು ಬೆಳಿಗ್ಗೆ ಫೆಲೆತಿ ದೀವಿಹಲಸು ಸುಡುತ್ತ ಬಗ್ಗಿದ್ದ. ಅವನ ಕೂದಲಿಗೆ ಬೂದಿ ಹಾರಿತು. ಲೋಸಾ ಒರೆಸಲು ಕೈ ಚಾಚಿದಳು. ಕೈ ತಲೆಯ ತನಕ ಹೋಗಿ ಗಾಳಿಯಲ್ಲೇ ನಿಂತಿತು. ಮೆಲ್ಲಗೆ ಅದನ್ನು ಹಿಂದಕ್ಕೆ ತೆಗೆದುಕೊಂಡು ಬೆನ್ನ ಹಿಂದೆ ಇಟ್ಟುಕೊಂಡಳು. ಫೆಲೆತಿ ನನ್ನ ಮುಖ ನೋಡಿದ. "ನೀನು ನೋಡಿಲ್ಲ. ನಾನೂ ನೋಡಿಲ್ಲ" ಎಂದ. ಆ ಒಂದು ಮಾತಿಗೆ ಅವನ ಎಷ್ಟೋ ತಪ್ಪು ಕ್ಷಮಿಸಿಬಿಟ್ಟೆ.

ಆದರೆ ಕಣ್ಣು ಮುಚ್ಚಿಕೊಂಡರೆ ಸಾಲದು. ಮೇ ತಿಂಗಳ ಮೊದಲ ಭಾನುವಾರ ಮಕ್ಕಳ ಹಬ್ಬ. ಬಿಳಿ ಬಟ್ಟೆ ತೊಟ್ಟ ಮಕ್ಕಳು ಚರ್ಚಿನಲ್ಲಿ ವಾಕ್ಯ ಒಪ್ಪಿಸುತ್ತಾರೆ. ಅದಕ್ಕೆ ವಾಸಿತಿ ಬರುವವಳಿದ್ದಳು. ಹಾಗಾಗಿ ನಾನು ಮಗಳಿಗೆ ಒಂದು ಆಟ ಕಲಿಸಿದೆ. "ಕಲ್ಲು" ಎಂದರೆ ಅಲುಗಬಾರದು, ಮಾತಾಡಬಾರದು, ಯಾರ ಮುಖವನ್ನೂ ನೋಡಬಾರದು. "ನೀರು" ಎಂದರೆ ಬಿಡುಗಡೆ. ಎರಡೇ ದಿನದಲ್ಲಿ ಕಲಿತಳು. ಆದರೆ ತುಂಟ ಅಣ್ಣಂದಿರು ನೆರೆಯವರು ಕೂತಿರುವಾಗಲೇ "ನೀರು! ನೀರು!" ಎಂದು ಕೂಗಿ ಅವಳನ್ನು ಕುಣಿಸುತ್ತಿದ್ದರು. ಅದಕ್ಕೂ ಮದ್ದು ಮಾಡಿದೆ. ಹೊರಗಿನವರಿದ್ದಾಗ ಯಾರು ನೀರು ಎಂದರೂ ಅವಳು ಕಲ್ಲಾಗಿಯೇ ಇರಬೇಕು. ಪರೀಕ್ಷಿಸಲು ನಾನೇ ನೀರು ಎನ್ನುತ್ತಿದ್ದೆ. ಅಲುಗಿದರೆ ತೊಡೆ ಚಿವುಟುತ್ತಿದ್ದೆ. ಮೊದಲು ಮೆಲ್ಲಗೆ. ಆಮೇಲೆ ನೀಲಿ ಗುರುತು ಬೀಳುವ ಹಾಗೆ. ಒಮ್ಮೆ ಪಕ್ಕದ ಮನೆಯವಳ ಮುಂದೆ "ಅಮ್ಮಾ" ಎಂದಳು. ಅದಕ್ಕೂ ಚಿವುಟಿದೆ. ಹೌದು, ಅಮ್ಮಾ ಎಂದದ್ದಕ್ಕೆ. ಆಮೇಲಿನಿಂದ ಅವಳು ನನ್ನ ಮುಖ ನೋಡುವುದನ್ನು ಬಿಟ್ಟು ನನ್ನ ಬಲಗೈಯನ್ನು ನೋಡತೊಡಗಿದಳು.

ಹಬ್ಬಕ್ಕೆ ಬಂದ ವಾಸಿತಿ ಅವಳ ಕಿವಿಯ ಬಳಿ ಚಪ್ಪಾಳೆ ತಟ್ಟಿದಳು, ಸಿಹಿ ಕೊಟ್ಟಳು, ಹಾಡಿದಳು. ಲೋಸಾ ಕಲ್ಲು. "ಪಾಪ, ತಡವಾಗಿ ಬೆಳೆಯೋ ಕೂಸು. ಇನ್ನೊಂದು ವರ್ಷ ಇರ್ಲಿ ಬಿಡು" ಎಂದು ಅವಳು ಹಡಗು ಹತ್ತಿದಳು. ಸಂಜೆ ನಾನು ಹಂದಿಗೂಡಿನ ಹಿಂದೆ ಹೋಗಿ ಒಬ್ಬಳೇ ಕುಣಿದೆ. ಗೆದ್ದೆ ಅಂದುಕೊಂಡೆ.

ಗೆದ್ದದ್ದು ನಾನಲ್ಲ, ಆಟ. ಮಳೆಗಾಲ ಮುಗಿಯುವ ಹೊತ್ತಿಗೆ ಅವಳು ಯಾರಿದ್ದರೂ ಕಲ್ಲಾಗತೊಡಗಿದಳು. ಅಣ್ಣಂದಿರು ಗೆಳೆಯರನ್ನು ಕರೆತಂದರೆ ಕಲ್ಲು. ಬೀದಿಯಲ್ಲಿ ಯಾರೋ ಕೆಮ್ಮಿದರೆ ಕಲ್ಲು. ನಾವಿಬ್ಬರೇ ಇದ್ದಾಗ ಮಾತ್ರ ಕೇದಗೆ ಪಟ್ಟಿ ಆರಿಸುತ್ತ, ತನ್ನಷ್ಟಕ್ಕೆ ಪಿಸುಗುಟ್ಟುತ್ತಿದ್ದಳು. ನಾನು ಹತ್ತಿರ ಬಗ್ಗಿದರೆ ಅದೂ ನಿಂತುಹೋಗುತ್ತಿತ್ತು. ಅವಳು ಕಲಿತ ವಿದ್ಯೆಗಳಲ್ಲೆಲ್ಲ ಅವಳಿಗೆ ಚೆನ್ನಾಗಿ ಬಂದದ್ದು ನಾನು ಕಲಿಸಿದ್ದೇ.

ಅವಳಿಗೆ ಎರಡೂವರೆ ತುಂಬಿದ ವಾರ ವಾಸಿತಿ ಹೇಳದೆ ಕೇಳದೆ ಬಂದಳು. ಚಾಪೆಯ ಮೇಲ್ಗಡೆ ಅವಳು ಕೂತಳು, ಅವಳ ಪಕ್ಕಕ್ಕೆ ನಾನು, ನನ್ನ ಆಚೆ ಬದಿಗೆ ಮಗು, ಬಾಗಿಲ ಬಳಿ ಫೆಲೆತಿ.

"ಮಗೂಗೆ ಏನೋ ತೊಂದರೆ ಇದೆ ಅಂತ ಊರವರೆಲ್ಲ ಹೇಳ್ತಿದಾರೆ. ನನಗ್ಯಾಕೆ ಮೊದ್ಲೇ ಹೇಳ್ಲಿಲ್ಲ?" ವಾಸಿತಿಯ ಕಣ್ಣು ಒದ್ದೆಯಾಗಿತ್ತು. "ಪೊತೊ ಆಗ್ಲಿ ಅಂತ ಕಾದಿದ್ದು ನನ್ನದೇ ತಪ್ಪು. ಪಟ್ಟಣದಲ್ಲಿ ದೊಡ್ಡ ಆಸ್ಪತ್ರೆ ಇದೆ. ಇವತ್ತೇ ಕರ್ಕೊಂಡು ಹೋಗ್ತೀನಿ. ಹೇಗಿದ್ರೂ ನನ್ನ ಮಗಳೇ."

ನಾನು ಕಟ್ಟಿದ ಬೇಲಿಯೇ ನನ್ನ ಹೊಲ ಮೇಯಿತು.

"ಇಲ್ಲ ಅತ್ತಿಗೆ! ಅವಳಿಗೆ ಏನೂ ಆಗಿಲ್ಲ. ನಾನು ಸುಳ್ಳು ಹೇಳ್ದೆ. ಅವಳಿಗೆ ಎಲ್ಲಾ ಬರುತ್ತೆ!"

"ಎಲ್ಲಾ ಅಂದ್ರೆ?"

"ಗರಿ ಆರಿಸ್ತಾಳೆ. ಪಾದ್ರಿ ಥರ ಆಡ್ತಾಳೆ. ಲೋಸಾ, ತೋರ್ಸೇ ಪುಟ್ಟಿ. ಅತ್ತೆಗೆ ತೋರ್ಸು." ಪಟ್ಟಿಗಳ ಕಟ್ಟನ್ನು ಅವಳ ಮುಂದೆ ಸುರಿದೆ. ಅವಳು ಅಲುಗಲಿಲ್ಲ. "ನೀರು, ಲೋಸಾ! ನೀರು, ನೀರು!"

ವಾಸಿತಿ ಗಾಬರಿಯಿಂದ ಎದ್ದು ಹೋಗಿ ಮಡಕೆಯಿಂದ ಒಂದು ಬಟ್ಟಲು ನೀರು ತಂದು ಮಗುವಿನ ಬಾಯಿಗೆ ಹಿಡಿದಳು. "ಕುಡಿ ಮಗಳೇ. ಬಾಯಾರಿದ್ರೂ ಕೇಳೋಕೆ ಬರಲ್ವಾ ನಿಂಗೆ?" ನೀರು ಲೋಸಾಳ ಗಲ್ಲದಿಂದ ಇಳಿದು ಅಂಗಿ ತೊಯ್ದಿತು. ತುಟಿ ತೆರೆಯಲಿಲ್ಲ. ನಾನು ಎಷ್ಟು ಚೆನ್ನಾಗಿ ಕಲಿಸಿದ್ದೆ.

"ಫೆಲೆತಿ, ನೀನಾದ್ರೂ ಹೇಳೋ! ಅವತ್ತು ಅವಳು ಕೈ ಹಿಂದಕ್ಕೆ ತಗೊಂಡಿದ್ದು ನೋಡಿದೀಯಲ್ಲ?" ಎಂದು ಕೂಗಿದೆ.

ಅವನು ನೆಲ ನೋಡಿದ. "ನಾನೇನೂ ನೋಡಿಲ್ಲ" ಎಂದ.

ವಾಸಿತಿ ಮತ್ತೆ ತನ್ನ ಜಾಗದಲ್ಲಿ ಕೂತು ನನ್ನ ಕಡೆ ಬೆರಳು ತೋರಿಸಿದಳು. ದನಿ ಮೆತ್ತಗಿತ್ತು. "ಇವರ್ಯಾರು ಹೇಳು ಮಗಳೇ? ಅದೊಂದು ಹೇಳು, ಇನ್ನೊಂದಿಷ್ಟು ದಿನ ಇಲ್ಲೇ ಬಿಟ್ಟು ಹೋಗ್ತೀನಿ."

ಲೋಸಾ ನನ್ನ ಮುಖ ನೋಡಲಿಲ್ಲ. ಬಲಗೈ ನೋಡಿದಳು. ಆ ಕೈ ಅವಳ ತೊಡೆಯ ಪಕ್ಕದಲ್ಲೇ ಇತ್ತು. ಅಮ್ಮಾ ಎಂದರೆ ಅದು ಏನು ಮಾಡುತ್ತದೆ ಎಂದು ಅವಳಿಗೆ ಗೊತ್ತಿತ್ತು. ಆ ಕ್ಷಣ ಕತ್ತಿ ಸಿಕ್ಕಿದ್ದರೆ ಅದನ್ನು ಕತ್ತರಿಸಿ ಎಸೆಯುತ್ತಿದ್ದೆ. ಕೈಯನ್ನು ನನ್ನ ತೊಡೆಯ ಕೆಳಗೆ ತುರುಕಿ ಅದರ ಮೇಲೆ ಕೂತುಬಿಟ್ಟೆ. ನೋಡು ಲೋಸಾ, ಕೈ ಇಲ್ಲ. ಹೇಳು. ಒಂದೇ ಒಂದು ಸಲ ಹೇಳು.

ಅವಳು ಕೈ ಇದ್ದ ಜಾಗವನ್ನು ತುಂಬಾ ಹೊತ್ತು ನೋಡಿದಳು. ನಿಟ್ಟುಸಿರು ಬಿಟ್ಟಳು, ದೊಡ್ಡವರ ಹಾಗೆ. ಎದ್ದಳು. ಅಂಗಿಯ ನೀರು ಒರೆಸಿಕೊಂಡಳು. ವಾಸಿತಿಯ ಹತ್ತಿರ ಹೋಗಲು ನನ್ನ ಮುಂದೆಯೇ ಹಾಯಬೇಕಿತ್ತು. ಸೊಂಟ ಬಗ್ಗಿಸಿ, ಒಂದು ಕೈ ಕೆಳಗೆ ಚಾಚಿ, ಸ್ಪಷ್ಟವಾದ ದನಿಯಲ್ಲಿ ನನಗೆ "ತುಲೋ" ಎಂದಳು.

ಅದನ್ನು ಅವಳಿಗೆ ಯಾರೂ ಕಲಿಸಿರಲಿಲ್ಲ. ಹೆತ್ತ ತಾಯಿಗೆ ಯಾವ ಎಳೆಗೂಸೂ ಆ ಮಾತು ಹೇಳುವುದಿಲ್ಲ. ತಾಯಿಯ ಮೈಮೇಲೆ ತುಳಿದುಕೊಂಡೇ ಹೋಗುತ್ತದೆ. ಆ ಮಾತು ಪರರಿಗೆ.

"ಅಯ್ಯೋ ದೇವರೇ! ಪೊತೊ! ನನ್ನ ಮಗಳು ಪೊತೊ ಆಗಿದಾಳೆ!" ವಾಸಿತಿ ಅವಳನ್ನು ಬಾಚಿ ಎತ್ತಿಕೊಂಡು ಅಳುತ್ತ ನಗುತ್ತ ಮುದ್ದಿಟ್ಟಳು. "ನೀನು ಹೇಳಿದ್ದು ನಿಜ ಕಣೇ ಅಕೋಸಿತಾ. ಎಷ್ಟು ಚೆನ್ನಾಗಿ ಬೆಳ್ಸಿದೀಯ!" ಇನ್ನೊಂದಿಷ್ಟು ದಿನದ ಮಾತು ಅವಳಿಗೆ ನೆನಪಾಗಲಿಲ್ಲ. ನಾನೂ ನೆನಪಿಸಲಿಲ್ಲ.

ಫೆಲೆತಿ ಮಗುವಿನ ಬಟ್ಟೆಯ ಗಂಟು ಹೊತ್ತು ಅವರ ಹಿಂದೆ ಹಡಗುಕಟ್ಟೆಗೆ ನಡೆದ. ವಾಸಿತಿಯ ಹೆಗಲ ಮೇಲಿಂದ ಲೋಸಾ ಏನೋ ಕೇಳುತ್ತಿದ್ದಳು, ವಾಸಿತಿ ಉತ್ತರ ಕೊಡುತ್ತಿದ್ದಳು. ಬೇಲಿ ದಾಟುವ ತನಕ ಮಗಳ ಮಾತು ಕೇಳಿಸಿತು. ನಾನು ಕೈಯ ಮೇಲೆ ಕೂತೇ ಇದ್ದೆ.